ನ್ಯೂಜಿಲೆಂಡ್ ಕಾಡಿನ ಬೀಗವಿಲ್ಲದ ಹಟ್‌ಗಳು: ಕಟ್ಟಿದ್ದು ಯಾರು, ಯಾಕೆ, ಉಳಿದುಕೊಳ್ಳುವುದು ಹೇಗೆ?

ಓದಲೆಂದೋ ಕೆಲಸಕ್ಕೆಂದೋ ನ್ಯೂಜಿಲೆಂಡಿಗೆ ಹೋದ ನಮ್ಮವರು ಕಳಿಸುವ ವಿಡಿಯೊಗಳಲ್ಲಿ ಒಂದು ದೃಶ್ಯ ಪದೇ ಪದೇ ಕಾಣುತ್ತದೆ. ದಟ್ಟ ಕಾಡಿನ ನಡುವೆ ಪುಟ್ಟದೊಂದು ತಗಡಿನ ಮನೆ. ಬಾಗಿಲಿಗೆ ಬೀಗವಿಲ್ಲ, ಕಾವಲುಗಾರನಿಲ್ಲ. ಒಳಗೆ ಮಂಚ, ಹಾಸಿಗೆ, ಒಲೆ, ಪಕ್ಕದಲ್ಲಿ ಒಣ ಸೌದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ನೂಕುನುಗ್ಗಲಾಗಿ, ಆಮೇಲೆ ಆನ್‌ಲೈನ್ ಟಿಕೆಟ್ಟು, ದಿನಕ್ಕಿಷ್ಟೇ ಜನ ಎಂಬ ನಿಯಮ ಬಂದದ್ದನ್ನು ಕಂಡ ಚಾರಣಿಗರಿಗೆ ಇದು ನಂಬಲಾಗದ ವ್ಯವಸ್ಥೆ. ಇಂಥ ಹಟ್‌ಗಳು ಆ ದೇಶದಲ್ಲಿ ಒಂದೆರಡಲ್ಲ, ಸರ್ಕಾರದ ಲೆಕ್ಕದಲ್ಲೇ 950ಕ್ಕೂ ಹೆಚ್ಚು ಇವೆ.

ನೋಡಿದವರಿಗೆ ಹಳೆಯ ಕಾಲದ ದಾರಿಬದಿಯ ಛತ್ರಗಳು ನೆನಪಾಗುತ್ತವೆ. ಆದರೆ ಛತ್ರವನ್ನು ದಾರಿಹೋಕರಿಗೆಂದೇ ಕಟ್ಟುತ್ತಿದ್ದರು. ಈ ಹಟ್‌ಗಳಲ್ಲಿ ದೊಡ್ಡ ಪಾಲನ್ನು ಕಟ್ಟಿದ್ದು ಜಿಂಕೆ ಕೊಲ್ಲುವ ಸರ್ಕಾರಿ ನೌಕರರಿಗಾಗಿ. ಈ ಒಂದು ಸಂಗತಿ ಗೊತ್ತಿದ್ದರೆ ಹಟ್ ಯಾಕೆ ಅಷ್ಟು ಚಿಕ್ಕದು, ಯಾಕೆ ಅಂಥ ಮೂಲೆಯಲ್ಲಿದೆ, ಯಾಕೆ ಕೆಲವನ್ನು ಕಿತ್ತುಹಾಕಿದರು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ವೆಲಿಂಗ್ಟನ್ ನಗರದ ಬೆನ್ನಿಗಿರುವ ತರರುವ ಪರ್ವತಸಾಲು ಮತ್ತು ಅದರೊಳಗಿನ ತೌಹೆರೆನಿಕೌ ನದಿಯ ಕಣಿವೆಯನ್ನು ಇಟ್ಟುಕೊಂಡು ಇದನ್ನು ನೋಡೋಣ. ಹಟ್‌ಗಳ ಚರಿತ್ರೆಯ ಬೇರೆ ಬೇರೆ ಪದರಗಳು ಇಲ್ಲಿ ಹತ್ತಿರ ಹತ್ತಿರ ಸಿಗುತ್ತವೆ.

## ಮೊದಲು ತಿಳಿದಿರಬೇಕಾದ ಮಾತುಗಳು

ಬೆನ್ನಿಗೆ ಊಟ, ಬಟ್ಟೆ, ಮಲಗುವ ಚೀಲ ಹೊತ್ತು ಒಂದೋ ಹಲವೋ ದಿನ ಕಾಡುಬೆಟ್ಟ ನಡೆಯುವುದನ್ನು ಅಲ್ಲಿ ಟ್ರ್ಯಾಂಪಿಂಗ್ ಅನ್ನುತ್ತಾರೆ. ಬುಷ್ ಎಂದರೆ ಅಲ್ಲಿನ ಮೂಲ ಕಾಡು: ಬೀಚ್, ರೀಮು, ತೋತರ ಮರಗಳು, ಕೆಳಗೆ ಮರಜರಿ ಮತ್ತು ಪಾಚಿ. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಎತ್ತರವೇ ಬುಷ್‌ಲೈನ್. ತರರುವದಲ್ಲಿ ಅದು ಸುಮಾರು 1,200 ಮೀಟರಿನಲ್ಲಿದೆ. ಅದರ ಮೇಲಿನ ಬೋಳು ಏಣುಗಳಿಗೆ ಟಾಪ್ಸ್ ಎಂದು ಹೆಸರು. ಇಬ್ಬರಷ್ಟೇ ಮಲಗಬಹುದಾದ, ನಿಂತರೆ ತಲೆ ತಾಗುವಂಥ ಡಬ್ಬಿಯನ್ನು ಬಿವಿ ಎಂದು ಕರೆಯುತ್ತಾರೆ. ಅದಕ್ಕಿಂತ ದೊಡ್ಡದಾದುದೆಲ್ಲ ಹಟ್. ಇವನ್ನೆಲ್ಲ ಈಗ ನೋಡಿಕೊಳ್ಳುವುದು 1987ರಲ್ಲಿ ಹುಟ್ಟಿದ ಸಂರಕ್ಷಣಾ ಇಲಾಖೆ, ಜನರ ಬಾಯಲ್ಲಿ ಡಾಕ್.

## ಶನಿವಾರ ಮಧ್ಯಾಹ್ನದ ರೈಲು ಹಿಡಿದವರು

ಯುರೋಪಿಯನ್ನರು ಬರುವುದಕ್ಕೆ ಎಷ್ಟೋ ಮೊದಲು ಮಾವೊರಿ ಜನ ಪೌನಮು ಎಂಬ ಹಸಿರುಕಲ್ಲಿಗಾಗಿ ದಕ್ಷಿಣ ದ್ವೀಪದ ಕಣಿವೆಗಳನ್ನು ದಾಟುತ್ತಿದ್ದರು. ಆಮೇಲೆ ಚಿನ್ನ ಹುಡುಕುವವರೂ ಕುರಿಮಂದೆಯವರೂ ಅಲ್ಲಲ್ಲಿ ತಂಗುದಾಣ ಕಟ್ಟಿಕೊಂಡರು. ಬರಿಯ ನಡಿಗೆಯ ಖುಷಿಗಾಗಿ ಹಟ್ ಬೇಕು ಎಂಬ ವಿಚಾರ ಗಟ್ಟಿಯಾದದ್ದು ವೆಲಿಂಗ್ಟನ್ನಿನಲ್ಲಿ. 1919ರಲ್ಲಿ ಅಲ್ಲಿ ತರರುವ ಟ್ರ್ಯಾಂಪಿಂಗ್ ಕ್ಲಬ್ ಶುರುವಾಯಿತು. ಫ್ರೆಡ್ ವೊಸೆಲರ್ ಮತ್ತು ಸಂಸದ ವಿಲಿಯಂ ಫೀಲ್ಡ್ ಅದರ ಹಿಂದಿದ್ದರು. ಆ ಬಗೆಯ ಕ್ಲಬ್ಬುಗಳಲ್ಲಿ ದೇಶಕ್ಕೇ ಅದು ಮೊದಲನೆಯದು.

ಸದಸ್ಯರು ಕಚೇರಿ ಗುಮಾಸ್ತರು, ಅಂಗಡಿ ನೌಕರರು, ವಿದ್ಯಾರ್ಥಿಗಳು. ಕಾರು ಅಪರೂಪವಾಗಿದ್ದ ಕಾಲ. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ರೈಲಿನಲ್ಲಿ ಕೈಟೋಕೆ ನಿಲ್ದಾಣದಲ್ಲಿ ಇಳಿದು, ಎರಡು ಗುಡ್ಡಗಳ ನಡುವಿನ ಒಂದು ತಗ್ಗು ದಾಟಿದರೆ ತೌಹೆರೆನಿಕೌ ಕಣಿವೆ. ಭಾನುವಾರ ರಾತ್ರಿಯೊಳಗೆ ವಾಪಸು. ಇಷ್ಟು ಸಮಯದಲ್ಲಿ ಟೆಂಟು ಹೊತ್ತು, ಕತ್ತಲಲ್ಲಿ ಜಾಗ ಹುಡುಕಿ, ಮಳೆಯಲ್ಲಿ ಅದನ್ನು ನಿಲ್ಲಿಸುವುದು ಕಷ್ಟ. ಹಟ್‌ನ ಅಗತ್ಯ ಹುಟ್ಟಿದ್ದು ಹೀಗೆ.

1922ರಲ್ಲಿ ಆ ಅಗತ್ಯ ಸಾವು ಬದುಕಿನ ಪ್ರಶ್ನೆಯೂ ಆಯಿತು. ತರರುವದ ಪಶ್ಚಿಮಕ್ಕಿರುವ ಓಟಕಿ ಊರಿನ ಕಡೆಯಿಂದ ಹತ್ತಿ, 1,529 ಮೀಟರಿನ ಮೌಂಟ್ ಹೆಕ್ಟರ್ ದಾಟಿ ಕೈಟೋಕೆಗೆ ಇಳಿಯುವ ದಾರಿಗೆ ಸದರ್ನ್ ಕ್ರಾಸಿಂಗ್ ಎಂದು ಹೆಸರು. ಆ ದಾರಿಯ ಟಾಪ್ಸ್‌ನಲ್ಲಿ ಕೆಟ್ಟ ಹವೆಗೆ ಸಿಕ್ಕ ಎಸ್ಮಂಡ್ ಕೈಮ್ ಎಂಬವರು ಶೀತದಿಂದ ತೀರಿಕೊಂಡರು. ಎರಡು ವರ್ಷಕ್ಕೆ, 1924ರಲ್ಲಿ, ಅದೇ ದಾರಿಯಲ್ಲಿ ಸುಮಾರು 900 ಮೀಟರ್ ಎತ್ತರದಲ್ಲಿ ಫೀಲ್ಡ್ ಹಟ್ ಎದ್ದಿತು. 1930ರಲ್ಲಿ ಅದಕ್ಕೂ ಮೇಲೆ, ಬೋಳು ಏಣಿನ ಮೇಲೆಯೇ, ಸುಮಾರು 1,400 ಮೀಟರಿನಲ್ಲಿ ಕೈಮ್ ಹೆಸರಿನ ಹಟ್ ಬಂತು. ಗಾಳಿ ಮಳೆಯ ಹೊಡೆತಕ್ಕೆ ಕೈಮ್ ಹಟ್ಟನ್ನು ಹೊಸದಾಗಿ ಕಟ್ಟುತ್ತಲೇ ಬಂದಿದ್ದಾರೆ, ಈಗಿರುವುದು ಮೂರನೆಯದು. ಕಾಡಿನ ಮರೆಯಲ್ಲಿರುವ ಫೀಲ್ಡ್ ಹಟ್ ಮಾತ್ರ ನೂರು ವರ್ಷ ದಾಟಿ ನಿಂತಿದೆ. ಬುಷ್‌ಲೈನಿನ ಕೆಳಗೆ ಕಟ್ಟುವುದಕ್ಕೂ ಮೇಲೆ ಕಟ್ಟುವುದಕ್ಕೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

## ಕಾಡಿನಲ್ಲೇ ಹುಟ್ಟಿದ ಗೋಡೆ

ಫೀಲ್ಡ್ ಹಟ್ಟಿಗೆ ಹಲಗೆಯನ್ನು ಕೆಳಗಿನಿಂದ ಹೊತ್ತು ತರಲಿಲ್ಲ. ಓಟಕಿಯ ಮರಕೊಯ್ತದ ಅನುಭವಿ ಜೋ ಗಿಬ್ಸ್ ಅಲ್ಲೇ ಮರ ಕಡಿದು, ಅಲ್ಲೇ ಹಲಗೆ ಮಾಡಿದರು. ನೆಲದಲ್ಲಿ ಗುಂಡಿ ತೋಡಿ, ದಿಮ್ಮಿಯನ್ನು ಅದರ ಮೇಲೆ ಅಡ್ಡ ಇಟ್ಟು, ಒಬ್ಬ ಮೇಲೆ ನಿಂತು ಇನ್ನೊಬ್ಬ ಗುಂಡಿಯೊಳಗೆ ನಿಂತು ಉದ್ದ ಗರಗಸ ಎಳೆಯುವ ಕೆಲಸ ಅದು. ಕೆಳಗಿನವನ ಕಣ್ಣಿಗೆಲ್ಲ ಮರದ ಪುಡಿ.

ಇನ್ನೊಂದು ವಿಧಾನಕ್ಕೆ ಗರಗಸವೂ ಬೇಡ. ತೌಹೆರೆನಿಕೌ ಕಣಿವೆಯ ಕೋನ್ ಹಟ್ ಆ ಬಗೆಯದು. 1946ರಲ್ಲಿ ಕ್ಲಬ್ಬಿನವರೇ ಕಟ್ಟಿದ್ದು. ಅದರ ಗೋಡೆ ತೋತರ ಮರದ ಸೀಳುಗಳದ್ದು. ತೋತರದ ಎಳೆ ನೇರವಾಗಿರುತ್ತದೆ. ದಿಮ್ಮಿಯ ತುದಿಯಲ್ಲಿ ಬೆಣೆಯಿಟ್ಟು ಕೊಡತಿಯಿಂದ ಹೊಡೆದರೆ ಎಳೆಗುಂಟ ಬಿರುಕು ಓಡುತ್ತದೆ. ಬಿರುಕು ಹೋದಂತೆ ಮುಂದೆ ಮುಂದೆ ಬೆಣೆ ಇಡುತ್ತ ಹೋದರೆ ಇಡೀ ದಿಮ್ಮಿ ದಪ್ಪ ಹಲಗೆಗಳಾಗಿ ತೆರೆದುಕೊಳ್ಳುತ್ತದೆ. ಬಾಚಿಯಿಂದ ಮುಖವನ್ನು ಕೆತ್ತಿ ಸಮ ಮಾಡಿದರೆ ಗೋಡೆಗೆ ಸಿದ್ಧ. ಎಳೆಗುಂಟ ಸೀಳಿದ ಹಲಗೆಯಲ್ಲಿ ಎಳೆ ತುಂಡಾಗಿರುವುದಿಲ್ಲ, ಹಾಗಾಗಿ ಮಳೆನೀರು ಒಳಹೊಗುವುದು ಕಡಿಮೆ. ತೋತರದ ತಿರುಳು ಬೇಗ ಕೊಳೆಯುವುದೂ ಇಲ್ಲ. ಮಾವೊರಿಗಳು ದೊಡ್ಡ ದೋಣಿಗಳಿಗೆ ಇದೇ ಮರವನ್ನು ಆರಿಸುತ್ತಿದ್ದುದು ಸುಮ್ಮನೆ ಅಲ್ಲ. ಕೋನ್ ಹಟ್ಟಿನ ನೆಲ ಬರಿಯ ಮಣ್ಣು. ಬೇರೆ ಬೇರೆ ಮಂಚಗಳಿಲ್ಲ, ಎಲ್ಲರೂ ಸಾಲಾಗಿ ಮಲಗುವ ಜಗುಲಿ. ಹಲಗೆ ಸಂದುಗಳಲ್ಲಿ ಗಾಳಿ ಬರುತ್ತದೆ. ತೊಂದರೆ ಅನ್ನಿಸಬಹುದು, ಆದರೆ ತೆರೆದ ಒಲೆಯ ಹೊಗೆ ಕಟ್ಟಿಕೊಳ್ಳದಿರಲು ಆ ಸಂದುಗಳೂ ಬೇಕು.

## ಜಿಂಕೆಗಳು ಬಂದವು, ಹಟ್‌ಗಳು ಬಂದವು

ನ್ಯೂಜಿಲೆಂಡಿನಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲೆ ಮೂಲತಃ ಸಸ್ತನಿಗಳೇ ಇರಲಿಲ್ಲ. ಬ್ರಿಟಿಷ್ ವಲಸಿಗರು ಬೇಟೆಯ ಮೋಜಿಗಾಗಿ ತಂದು ಬಿಟ್ಟ ಪ್ರಾಣಿಗಳಲ್ಲಿ ಕೆಂಪು ಜಿಂಕೆ ಮುಖ್ಯ. ಇದು ನಮ್ಮ ಕಡವೆಯ ದಾಯಾದಿ. ತರರುವದ ಪೂರ್ವಕ್ಕಿರುವ ವೈರರಾಪ ಬಯಲಿನಲ್ಲಿ 1860ರ ದಶಕದಲ್ಲೇ ಅವನ್ನು ಬಿಟ್ಟಿದ್ದರು. (ಹಿಮಾಲಯದ ಥಾರ್ ಆಡು ಕೂಡ 1904ರಲ್ಲಿ ದಕ್ಷಿಣ ದ್ವೀಪ ಸೇರಿತು. ಅದರದ್ದೇ ಬೇರೆ ರಾಮಾಯಣ.)

ಹುಲಿಯಿಲ್ಲ, ಚಿರತೆಯಿಲ್ಲ, ಕಾಡುನಾಯಿಯಿಲ್ಲ. ಮೇಲಿಂದ ಕಾನೂನಿನ ರಕ್ಷಣೆ ಬೇರೆ. ಜಿಂಕೆಗಳು ಹೆಚ್ಚಿ, ಕಾಡಿನ ಎಳೆಗಿಡಗಳನ್ನು ಮೇಯ್ದು ನೆಲ ಬರಿದಾಗತೊಡಗಿತು. ಎಳೆಗಿಡ ಇಲ್ಲದಿದ್ದರೆ ಹಳೆ ಮರ ಬಿದ್ದ ಜಾಗಕ್ಕೆ ಹೊಸದು ಬರುವುದಿಲ್ಲ. ಕಡಿದಾದ ಗುಡ್ಡದಲ್ಲಿ ಮಣ್ಣು ಕೊಚ್ಚಿ ನದಿಗೆ ಬರುತ್ತದೆ, ಕೆಳಗಿನ ಹೊಲಗಳಿಗೆ ನೆರೆ ಬರುತ್ತದೆ ಎಂಬುದು ಸರ್ಕಾರದ ಆತಂಕ. 1930ರಲ್ಲಿ ರಕ್ಷಣೆ ತೆಗೆದರು. ಮರುವರ್ಷದಿಂದ ಸಂಬಳ ಕೊಟ್ಟು ಬೇಟೆಗಾರರನ್ನು ನೇಮಿಸಿದರು. ಇವರನ್ನು ಕಲ್ಲರ್‌ಗಳು ಎನ್ನುತ್ತಾರೆ. ಕೂಲಿಯ ಜೊತೆಗೆ, ಕೊಂದದ್ದಕ್ಕೆ ಸಾಕ್ಷಿಯಾಗಿ ತಂದ ಚರ್ಮಕ್ಕೋ ಬಾಲಕ್ಕೋ ಇಷ್ಟು ಎಂದು ಹೆಚ್ಚುವರಿ ಹಣ. ತಿಂಗಳುಗಟ್ಟಲೆ ಕಾಡಿನಲ್ಲಿ, ಆರಂಭದಲ್ಲಿ ಹೆಚ್ಚಾಗಿ ಟೆಂಟುಗಳಲ್ಲೇ ವಾಸ.

1956ರಲ್ಲಿ ಈ ಕೆಲಸ ಅರಣ್ಯ ಸೇವಾ ಇಲಾಖೆಗೆ ಬಂತು. ಮಳೆಯಲ್ಲಿ ನೆನೆದು ಟೆಂಟಿನಲ್ಲಿ ಕುಳಿತ ಬೇಟೆಗಾರನಿಂದ ಕೆಲಸ ಸಾಗದು ಎಂಬುದು ಇಲಾಖೆಗೆ ತಿಳಿದಿತ್ತು. 1950ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗೆ ಅದು 600ಕ್ಕೂ ಹೆಚ್ಚು ಹಟ್ ಮತ್ತು ಬಿವಿಗಳನ್ನು ಕಟ್ಟಿತು. ದಾರಿ ಕಡಿಸಿತು, ನದಿಗಳಿಗೆ ತೂಗುಸೇತುವೆ ಹಾಕಿಸಿತು. ಸೇತುವೆ ದುಬಾರಿಯಾದ ಕಡೆ ಮೂರೇ ತಂತಿ: ಕಾಲಿಗೆ ಒಂದು, ಕೈಗಳಿಗೆ ಎರಡು.

ಇಷ್ಟು ಬೇಗ ಕಟ್ಟಲು ಸಾಧ್ಯವಾದದ್ದು ಒಂದೇ ಅಳತೆಯ ನಕ್ಷೆಗಳಿಂದ. ನಾಲ್ಕು ಮಂಚದ್ದು, ಆರು ಮಂಚದ್ದು, ಇಬ್ಬರ ಬಿವಿ. ಮರವನ್ನು ಪೇಟೆಯಲ್ಲೇ ಅಳತೆಗೆ ಕೊಯ್ದು, ಕಟ್ಟು ಕಟ್ಟಿ, ತಗಡಿನ ಜೊತೆ ವಿಮಾನದಿಂದ ಕಣಿವೆಯ ಬಯಲಿಗೆ ಎಸೆಯುತ್ತಿದ್ದರು. ಒಡೆಯುವಂಥದ್ದಕ್ಕೆ ಪ್ಯಾರಾಚೂಟ್, ಉಳಿದದ್ದು ಹಾಗೇ ದೊಪ್ಪೆಂದು. ಆಮೇಲೆ ಹೆಲಿಕಾಪ್ಟರ್ ಬಂತು. ಮರದ ಚೌಕಟ್ಟು, ಹೊರಗೆ ತಗಡು, ಒಂದು ಕೊನೆಯಲ್ಲಿ ತಗಡಿನ ಚಿಮಣಿಯ ಒಲೆ, ಹೊರಗೆ ನೊಣ ಹೋಗದಂತೆ ಜಾಲರಿ ಹಾಕಿದ ಮಾಂಸದ ಪೆಟ್ಟಿಗೆ. ಮೇಲಿನಿಂದ ಗುರುತು ಸಿಗಲೆಂದು ಹಲವಕ್ಕೆ ಗಾಢ ಕಿತ್ತಳೆ ಬಣ್ಣ.

ಈಗ ಹಟ್ ಇರುವ ಜಾಗವನ್ನು ಇದರ ಬೆಳಕಲ್ಲಿ ನೋಡಿ. ಎರಡು ಹೊಳೆ ಕೂಡುವಲ್ಲಿ ಹಟ್ ಇದೆಯೇ? ಎರಡೂ ಕಣಿವೆಗಳಲ್ಲಿ ಬೇಟೆಯಾಡಲು ಅನುಕೂಲ, ಸಾಮಾನು ಎಸೆಯಲು ಬಯಲೂ ಸಿಗುತ್ತದೆ. ಬುಷ್‌ಲೈನಿಗೆ ಒತ್ತಿ ಒಂದು ಬಿವಿ ಇದೆಯೇ? ನಸುಕಿಗೂ ಮುಸ್ಸಂಜೆಗೂ ಜಿಂಕೆ ಹುಲ್ಲು ಮೇಯಲು ಮೇಲೆ ಬರುತ್ತದೆ, ಬೇಟೆಗಾರ ಆ ಹೊತ್ತಿಗೆ ಅಲ್ಲಿರಬೇಕು. ಎರಡು ಹಟ್ಟುಗಳ ನಡುವೆ ಮೂರು ನಾಲ್ಕು ಗಂಟೆಯ ದಾರಿಯಷ್ಟೇ ಇದೆಯೇ? ಬಂದೂಕು, ಚರ್ಮ ಹೊತ್ತು ದಿನದೊಳಗೆ ಮುಟ್ಟಬೇಕಲ್ಲ. ಕೆಲವು ದಾರಿಗಳು ಯಾವ ಸುಂದರ ನೋಟಕ್ಕೂ ಕರೆದೊಯ್ಯದೆ ಕಣಿವೆಯ ತಲೆಯಲ್ಲಿ ಸುಮ್ಮನೆ ನಿಂತುಬಿಡುವುದಕ್ಕೂ ಇದೇ ಕಾರಣ.

ವಿಪರ್ಯಾಸವೆಂದರೆ, ಈ ಜಾಲ ಕಟ್ಟಿ ಮುಗಿಯುವ ಹೊತ್ತಿಗೆ ಅದರ ಕೆಲಸವೇ ಹೋಯಿತು. ಯುರೋಪಿನಲ್ಲಿ ಜಿಂಕೆಮಾಂಸಕ್ಕೆ ಒಳ್ಳೆಯ ಬೆಲೆ ಬಂದು, ಖಾಸಗಿಯವರು ಹೆಲಿಕಾಪ್ಟರಿನಿಂದಲೇ ಗುಂಡು ಹೊಡೆಯತೊಡಗಿದರು. ಕಾಲ್ನಡಿಗೆಯ ಕಲ್ಲರ್ ಅದಕ್ಕೆ ಸಾಟಿಯಾಗಲಿಲ್ಲ. ಮುಂದೆ ಜಿಂಕೆಗಳನ್ನು ಜೀವಂತ ಹಿಡಿದು ಸಾಕಾಣಿಕೆಗೆ ಮಾರುವ ವ್ಯಾಪಾರವೂ ಬೆಳೆಯಿತು. ಖಾಲಿಯಾದ ಹಟ್‌ಗಳು ನಡೆಯುವವರ ಪಾಲಿಗೆ ಉಳಿದವು.

## ಕಿತ್ತುಹಾಕಿದ್ದು, ಉಳಿಸಿಕೊಂಡದ್ದು

1987ರಲ್ಲಿ ಅರಣ್ಯ ಸೇವಾ ಇಲಾಖೆ ಮುಚ್ಚಿ, ಹಟ್‌ಗಳೆಲ್ಲ ಡಾಕ್‌ನ ತಲೆಗೆ ಬಂದವು. ಹಣ ಕಡಿಮೆ, ಕಟ್ಟಡ ಹಳೆಯವು. 1995ರ ಏಪ್ರಿಲ್ 28ರಂದು ಪಪರೋವ ರಾಷ್ಟ್ರೀಯ ಉದ್ಯಾನದ ಕೇವ್ ಕ್ರೀಕ್‌ನಲ್ಲಿ ಕಮರಿ ನೋಡಲೆಂದು ಡಾಕ್ ಕಟ್ಟಿದ್ದ ಅಟ್ಟಣೆ ಕುಸಿದು 14 ಜನ ಸತ್ತರು. ಅವರಲ್ಲಿ 13 ಮಂದಿ ವಿದ್ಯಾರ್ಥಿಗಳು. ಎಂಜಿನಿಯರಿನ ವಿನ್ಯಾಸವಿರಲಿಲ್ಲ, ಕಟ್ಟಡ ಪರವಾನಗಿ ಇರಲಿಲ್ಲ, ಬೋಲ್ಟು ಹಾಕಬೇಕಾದಲ್ಲಿ ಮೊಳೆ ಹೊಡೆದಿದ್ದರು. ಆಮೇಲೆ ದೇಶದ ಪ್ರತಿ ಸೇತುವೆ, ಅಟ್ಟಣೆ, ಹಟ್ಟಿನ ತಪಾಸಣೆ ನಡೆಯಿತು. ರಿಪೇರಿ ದುಬಾರಿ ಎನಿಸಿದ, ಹೆಚ್ಚು ಜನ ಹೋಗದ ಹಟ್ಟುಗಳನ್ನು ತೆಗೆದುಹಾಕುವ ಮಾತು ಬಂತು. ಕೆಲವನ್ನು ತೆಗೆದರು.

ಪೇಟೆಮನೆಗೆ ಬೇಕಾದ ನಿಯಮಗಳನ್ನೆಲ್ಲ ಕಾಡಿನ ನಾಲ್ಕು ಮಂಚದ ಡಬ್ಬಿಗೆ ಹೇರಿದರೆ ಒಂದೂ ಉಳಿಯದು ಎಂಬುದು ಬೇಗ ಗೊತ್ತಾಯಿತು. 2008ರಲ್ಲಿ ಇಂಥ ಹಟ್‌ಗಳಿಗೆಂದೇ ಕಟ್ಟಡ ನಿಯಮಗಳಲ್ಲಿ ಕೆಲವು ವಿನಾಯಿತಿ ಕೊಟ್ಟರು. ಇನ್ನೊಂದು ಕಡೆ ಚಾರಣಿಗರೂ ಬೇಟೆಗಾರರೂ ತಾವೇ ಸುತ್ತಿಗೆ ಹಿಡಿದರು. ಪಶ್ಚಿಮ ಕರಾವಳಿಯ ಅಂಥ ಒಂದು ಗುಂಪಿನ ಹೆಸರು ಪರ್ಮೊಲಾಟ್. ಹಿಂದೆ ದಾರಿ ಗುರುತಿಗೆ ಮರಕ್ಕೆ ಹೊಡೆಯುತ್ತಿದ್ದ ಅಲ್ಯುಮಿನಿಯಂ ಪಟ್ಟಿಯ ಹೆಸರದು, ಮೂಲತಃ ಕಿಟಕಿಯ ಪಟ್ಟಿಪರದೆಗೆ ತಯಾರಾದ ಮಾಲು. 2017ರಿಂದ ಬ್ಯಾಕ್‌ಕಂಟ್ರಿ ಟ್ರಸ್ಟ್ ಎಂಬ ಸಂಸ್ಥೆ ಇಂಥ ಸ್ವಯಂಸೇವಕರಿಗೆ ಸಾಮಾನು, ಹೆಲಿಕಾಪ್ಟರ್ ಖರ್ಚು ಒದಗಿಸುತ್ತಿದೆ. ಹಾಗಾಗಿ ಈ ಹಟ್‌ಗಳನ್ನು ನಡೆಸಿಕೊಂಡು ಹೋಗುತ್ತಿರುವುದು ಮೂರು ಪಾಲು: ತೆರಿಗೆ, ತಂಗುವವರ ಶುಲ್ಕ, ಬಿಟ್ಟಿ ದುಡಿಮೆ.

## ಉಳಿದುಕೊಳ್ಳುವುದು ಹೇಗೆ?

ಹಟ್‌ಗಳಲ್ಲಿ ದರ್ಜೆಗಳಿವೆ. ಮಿಲ್‌ಫರ್ಡ್, ರೂಟ್‌ಬರ್ನ್‌ನಂಥ, ಗ್ರೇಟ್ ವಾಕ್ ಎಂದು ಹೆಸರಾದ ಪ್ರಸಿದ್ಧ ದಾರಿಗಳಲ್ಲಿ ಸೀಸನ್ನಿನಲ್ಲಿ ಮೊದಲೇ ಬುಕ್ ಮಾಡಲೇಬೇಕು. ಮೇಲ್ವಿಚಾರಕ ಇರುತ್ತಾನೆ, ದರವೂ ಜಾಸ್ತಿ. ಸರ್ವಿಸ್ಡ್ (ಹೆಚ್ಚು ಸೌಲಭ್ಯದ) ಮತ್ತು ಸ್ಟ್ಯಾಂಡರ್ಡ್ (ಸಾಧಾರಣ) ಹಟ್‌ಗಳಿಗೆ ಟಿಕೆಟ್ ಅಥವಾ ಆರು, ಹನ್ನೆರಡು ತಿಂಗಳ ಪಾಸ್ ಸಾಕು. ಹೆಚ್ಚಿನವಕ್ಕೆ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮಂಚ. ಆದರೆ ಸೀಸನ್ನಿನಲ್ಲಿ ಪಾಸ್ ಗ್ರೇಟ್ ವಾಕ್ ಹಟ್ಟುಗಳಿಗೆ ನಡೆಯುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ತೀರಾ ಸರಳವಾದ ಹಟ್ ಮತ್ತು ಬಿವಿಗಳು ಉಚಿತ.

ಸ್ಟ್ಯಾಂಡರ್ಡ್ ಹಟ್ಟಿನಲ್ಲಿ ಸಿಗುವುದು ಮಂಚ, ಹಾಸು, ಶೌಚಗುಂಡಿ, ಚಾವಣಿಯಿಂದ ಟ್ಯಾಂಕಿಗೆ ಬಿದ್ದ ಮಳೆನೀರು. ಅನೇಕ ಕಡೆ ಸೌದೆ ಒಲೆಯೂ ಇರುತ್ತದೆ. ಅಡುಗೆಯ ಗ್ಯಾಸ್ ಒಲೆ, ಪಾತ್ರೆ, ಮಲಗುವ ಚೀಲ, ಟಾರ್ಚು ನಿಮ್ಮದೇ. ನೀರಿನ ಬಗ್ಗೆ ಅನುಮಾನವಿದ್ದರೆ ಕುದಿಸಿ. ಗ್ಯಾಸ್ ಒಲೆ ಹಚ್ಚಿದಾಗ ಎಷ್ಟೇ ಚಳಿಯಿದ್ದರೂ ಒಂದು ಕಿಟಕಿ ತೆರೆದಿರಲಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಆಹಾರವನ್ನು ಚೀಲಸಮೇತ ಮೊಳೆಗೆ ತೂಗುಹಾಕಿ. ನೆಲದಲ್ಲಿಟ್ಟರೆ ಇಲಿ ರಾತ್ರಿಯೇ ಬ್ಯಾಗಿಗೆ ತೂತು ಮಾಡುತ್ತದೆ. ಹೊರಡುವಾಗ ನೀವು ಸುಟ್ಟಷ್ಟು ಸೌದೆಯನ್ನು ಕಡಿದು ಒಳಗಿಡಬೇಕು, ಚೂರುಪುಳ್ಳೆಯೂ ಒಣಗಿದ್ದಿರಬೇಕು. ನಡುಗುತ್ತ ಬಂದವನ ಕೈಗೆ ಹಸಿ ಸೌದೆ ಸಿಕ್ಕರೆ ಉಪಯೋಗವಿಲ್ಲ. ಕಸ ಪೂರ್ತಿ ವಾಪಸು ಹೊರಬೇಕು, ಕಸದ ಬುಟ್ಟಿ ಇರುವುದಿಲ್ಲ. ಮಂಚ ತುಂಬಿದ್ದರೂ ಮಳೆಯಲ್ಲಿ ಬಂದವರನ್ನು ಹೊರಗೆ ಹಾಕುವ ಪದ್ಧತಿಯಿಲ್ಲ, ನೆಲದಲ್ಲಿ ಜಾಗ ಮಾಡಿಕೊಡುತ್ತಾರೆ.

ದಾರಿಯನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ. ಬೇರು, ಕೆಸರು, ಬಿದ್ದ ಮರಗಳ ಬುಷ್‌ನಲ್ಲಿ ಗಂಟೆಗೆ ಎರಡು ಕಿಲೋಮೀಟರ್ ನಡೆದರೆ ಸರಿಯಾದ ವೇಗವೇ. ಫಲಕಗಳಲ್ಲೂ ಗಂಟೆಯನ್ನೇ ಬರೆದಿರುತ್ತಾರೆ. ದಾರಿಯ ಗುರುತು ಮರಕ್ಕೆ ಹೊಡೆದ ಕಿತ್ತಳೆ ತ್ರಿಕೋನ. ನೀಲಿ, ಗುಲಾಬಿ ಅಥವಾ ಬೇರೆ ಬಣ್ಣದವು ಕಂಡರೆ ಹಿಂಬಾಲಿಸಬೇಡಿ. ಅವು ಇಲಿಗಳನ್ನೂ ಪೊಸಮ್ ಎಂಬ ಮರವೇರುವ ಪ್ರಾಣಿಗಳನ್ನೂ ಹಿಡಿಯುವವರ ಬೋನಿನ ಸಾಲುಗಳು, ಗುಡ್ಡದ ಯಾವುದೋ ಮೂಲೆಗೆ ಒಯ್ಯುತ್ತವೆ. ಗುರುತು ತಪ್ಪಿತು ಅನ್ನಿಸಿದರೆ ಕೊನೆಯ ತ್ರಿಕೋನದವರೆಗೆ ಹಿಂದೆ ಬನ್ನಿ. "ಹೊಳೆ ಹಿಡಿದು ಇಳಿದರೆ ಊರು ಸಿಗುತ್ತದೆ" ಎಂಬ ನಮ್ಮ ಲೆಕ್ಕ ಅಲ್ಲಿ ಅಪಾಯಕಾರಿ, ಹೊಳೆಗಳು ಕಮರಿಗೂ ಜಲಪಾತಕ್ಕೂ ಇಳಿಯುತ್ತವೆ.

## ನದಿ ಏರಿದಾಗ

ಹಾವಿಲ್ಲ, ಕಾಡುಪ್ರಾಣಿಗಳ ಭಯವಿಲ್ಲ ಎಂದು ಹಗುರವಾಗಿ ಹೊರಡುವವರು ಮರೆಯುವುದು ನದಿಯನ್ನು. ತರರುವದ ಮೇಲೆ ಪಶ್ಚಿಮದ ಗಾಳಿ ಮಳೆ ಸುರಿಸುತ್ತಲೇ ಇರುತ್ತದೆ. ಕಣಿವೆಗಳು ಚಿಕ್ಕವು, ಕಡಿದಾದವು. ಮೇಲೆ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಮೊಣಕಾಲುದ್ದದ ಹೊಳೆ ಎದೆಮಟ್ಟ ಬರಬಹುದು. ಅಷ್ಟೇ ಬೇಗ ಇಳಿಯುವುದೂ ಉಂಟು. ಆದ್ದರಿಂದ ಅಲ್ಲಿನವರು ಒಂದು ದಿನದ ಹೆಚ್ಚುವರಿ ಊಟ ಹೊತ್ತಿರುತ್ತಾರೆ, ಹಟ್ಟಿನಲ್ಲೇ ಕಾದು ಕೂರುತ್ತಾರೆ. ಸೋಮವಾರ ಕೆಲಸಕ್ಕೆ ಹೋಗಲೇಬೇಕು ಎಂಬ ಆತುರ ದುಬಾರಿಯಾಗುತ್ತದೆ.

ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ, ರೆಂಬೆ ದಿಮ್ಮಿ ತೇಲಿ ಬರುತ್ತಿದ್ದರೆ, ತಳದಲ್ಲಿ ಕಲ್ಲುರುಳುವ ಸದ್ದು ಕೇಳಿದರೆ ಇಳಿಯಬಾರದು. ಒಂದು ಕಡ್ಡಿ ಎಸೆದು ಅದರ ಜೊತೆ ದಡದಲ್ಲಿ ನಡೆಯಿರಿ. ನಿಮ್ಮ ನಡಿಗೆಗಿಂತ ಅದು ವೇಗವಾಗಿ ಹೋದರೆ ಆ ಸೆಳೆತ ನಿಮಗಲ್ಲ. ದಾಟಬಹುದೆನಿಸಿದರೆ ನದಿ ಅಗಲವಾಗಿ, ತೆಳುವಾಗಿ ಹರಿಯುವ ಜಾಗ ಆರಿಸಿ. ಕಾಲು ಜಾರಿದರೆ ಎಲ್ಲಿಗೆ ಹೋಗಿ ಬೀಳುತ್ತೇವೆ ಎಂದು ಕೆಳಭಾಗವನ್ನು ಮೊದಲೇ ನೋಡಿಕೊಳ್ಳಿ: ಮರಳ ದಡವಾದರೆ ಸರಿ, ಬಂಡೆಯೋ ಬಿದ್ದ ಮರವೋ ಆದರೆ ಬೇಡ. ಗುಂಪಿನವರು ಒಬ್ಬರ ಪಕ್ಕ ಒಬ್ಬರು ಸಾಲಾಗಿ ನಿಂತು, ಪಕ್ಕದವರ ಬೆನ್ನ ಹಿಂದೆ ಕೈಹಾಕಿ ಅವರ ಚೀಲದ ಪಟ್ಟಿ ಹಿಡಿದು, ಎಲ್ಲರೂ ಎದುರು ದಡಕ್ಕೆ ಮುಖ ಮಾಡಿ ಒಟ್ಟಿಗೆ ಹೆಜ್ಜೆ ಹಾಕಬೇಕು. ಸೆಳೆತ ಬರುವ ಮೇಲ್ಬದಿಯ ತುದಿಯಲ್ಲಿ ಗಟ್ಟಿಮುಟ್ಟಾದವರು ನಿಂತರೆ ಅವರ ಮರೆಯಲ್ಲಿ ಉಳಿದವರಿಗೆ ನೀರಿನ ಒತ್ತಡ ತಗ್ಗುತ್ತದೆ.

ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವೆಂದೇ ತಿಳಿಯಿರಿ. ಲೊಕೇಟರ್ ಬೀಕನ್ ಎಂಬ ಅಂಗೈಯಗಲದ ಯಂತ್ರ ಬಾಡಿಗೆಗೂ ಸಿಗುತ್ತದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ನೀವಿರುವ ಜಾಗ ತಿಳಿಯುತ್ತದೆ. ಅದನ್ನು ಚೀಲದ ತಳದಲ್ಲಿಡದೆ ಮೈಮೇಲಿರುವ ಜೇಬಿನಲ್ಲಿಡಿ, ಚೀಲ ನದಿಪಾಲಾದಾಗಲೇ ಅದು ಬೇಕಾಗುವುದು. ಎಲ್ಲಿಗೆ ಹೋಗುತ್ತೀರಿ, ಯಾವ ದಿನ ಎಷ್ಟು ಹೊತ್ತಿನೊಳಗೆ ಸುದ್ದಿ ಬಾರದಿದ್ದರೆ ಪೊಲೀಸರಿಗೆ ಹೇಳಬೇಕು ಎಂಬುದನ್ನು ಆ ದೇಶದಲ್ಲೇ ಇರುವ ಒಬ್ಬರಿಗೆ ತಿಳಿಸಿ ಹೊರಡಿ.

ಪ್ರತಿ ಹಟ್ಟಿನಲ್ಲೂ ಒಂದು ಪುಸ್ತಕ ಇಟ್ಟಿರುತ್ತಾರೆ. ಅಲ್ಲಿ ತಂಗದೆ ನೀರು ಕುಡಿದು ಮುಂದೆ ಹೋಗುವವರೂ ಅದರಲ್ಲಿ ಬರೆಯಬೇಕು: ಹೆಸರು, ಎಷ್ಟು ಜನ, ದಿನಾಂಕ, ಎಲ್ಲಿಂದ ಬಂದದ್ದು, ಮುಂದೆ ಯಾವ ದಾರಿಯಲ್ಲಿ ಯಾವ ಹಟ್ಟಿಗೆ, ನದಿ ಹೇಗಿದೆ. ಹುಡುಕಾಟದ ತಂಡ ಹಟ್ಟಿಗೆ ಬಂದಾಗ ಮೊದಲು ತೆರೆಯುವುದು ಈ ಪುಸ್ತಕವನ್ನೇ. ನೀವು ಬರೆದದ್ದು ಯಾವ ಹಟ್ಟಿನವರೆಗೆ ಸಿಗುತ್ತದೋ ಅಲ್ಲಿಂದ ಮುಂದಷ್ಟೇ ಹುಡುಕಿದರೆ ಸಾಕು. ಬರೆಯದೆ ಹೋಗಿದ್ದರೆ ಇಡೀ ಕಣಿವೆಯನ್ನು ಮೊದಲಿನಿಂದ ಜಾಲಾಡಬೇಕು.